ಚಿನ್ನಕ್ಕೆ ಸೋಕಿದ ಗುಂಡು

ನೀವು ಮಾಡಿದ ತಪ್ಪಿಗೆ ನಿಮ್ಮ ಅಪ್ಪ ಬೈಸಿಕೊಳ್ಳುವುದನ್ನು ಬಾಗಿಲ ಸಂದಿಯಿಂದ ನೋಡಿದ್ದೀರಾ? ನಿಜ ಹೇಳಿ. ಕಾಲು ನಿಂತಲ್ಲಿ ನಿಲ್ಲದೆ, ಹೇಳಲೋ ಬೇಡವೋ ಅಂತ ಒದ್ದಾಡಿದ್ದೀರಾ? ನಾನು ಒದ್ದಾಡಿದ್ದೇನೆ. ವಯಸ್ಸು ಅರವತ್ತು ದಾಟಿದರೂ ಆ ದಿನ ನೆನಪಾದರೆ ಇವತ್ತಿಗೂ ಎದ್ದು ಮನೆಯೊಳಗೇ ನಾಲ್ಕು ಸುತ್ತು ಹಾಕುತ್ತೇನೆ. ಮಕ್ಕಳಿದ್ದರೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ, ಇದು ಅವರಿಗಾಗಿಯೇ ಬರೆದದ್ದು.

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಶ್ರೀರಂಗಪಟ್ಟಣದ ಗಂಜಾಂನಲ್ಲಿತ್ತು. ಅಪ್ಪ ಅಕ್ಕಸಾಲಿಗ. ಬೀದಿಗೆ ತೆರೆದುಕೊಂಡ ಮುಂಭಾಗದ ಕೋಣೆಯೇ ಅವರ ಅಂಗಡಿ. ಇದ್ದಿಲಿನ ಹೊಗೆ, ಒಡವೆ ತೊಳೆಯುವ ಹುಣಸೆಹುಳಿ, ಬಿಸಿ ಲೋಹ, ಎಲ್ಲ ಸೇರಿದ ಒಂದು ವಾಸನೆ ಅಲ್ಲಿತ್ತು. ಅಪ್ಪನ ಅಂಗಿಗೂ ಅದೇ ವಾಸನೆ, ನಾವು ತಿನ್ನುವ ರೊಟ್ಟಿಗೂ ಅದೇ.

ನನ್ನ ಆಗಿನ ಚಿಂತೆ ಒಂದೇ. ಕುಂಟೆಬಿಲ್ಲೆಯಲ್ಲಿ ಅಕ್ಕನನ್ನು ಸೋಲಿಸಬೇಕು. ನಾನು ಎಸೆದ ಹೆಂಚಿನ ಚೂರು ಪ್ರತಿ ಸಲವೂ ಜಾರಿ ಗೆರೆ ದಾಟುತ್ತಿತ್ತು. ಅಕ್ಕ ಒಂಟಿ ಕಾಲಲ್ಲಿ ನಿಂತು ನಗುತ್ತಿದ್ದಳು. ಬಿದ್ದಲ್ಲೇ ಕೂರುವ ಭಾರವಾದ ಬಿಲ್ಲೆ ನನಗೆ ಬೇಕಿತ್ತು.

ಅದಕ್ಕೆ ಬೇಕಾದದ್ದು ನನಗೆ ಸಿಕ್ಕಿದ್ದು ಕೋಟೆ ಕಡೆಯ ಹೊಲದಲ್ಲಿ. ಜೋರು ಮಳೆ ಬಂದ ಮಾರನೆಯ ದಿನ ಅಲ್ಲಿ ಮಣ್ಣು ಕೊಚ್ಚಿಹೋಗಿ ಸಣ್ಣ ಸಣ್ಣ ಗುಂಡುಗಳು ಮೇಲೆ ಬರುತ್ತಿದ್ದವು. ಮೇಲೆ ಬೂದಿ ಬಳಿದಂತೆ ಬೆಳ್ಳಗೆ, ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ತೂಕ. ಸುಲ್ತಾನರ ಕೋಟೆಗೆ ಇಂಗ್ಲಿಷರು ಮುತ್ತಿಗೆ ಹಾಕಿದಾಗ ಬಂದೂಕಿನಿಂದ ಹಾರಿದ ಸೀಸದ ಗುಂಡುಗಳು ಅವು. ನಮಗೆ ಅದೆಲ್ಲ ಯಾರಿಗೆ ಬೇಕಿತ್ತು? ನಾವು ಅವುಗಳಲ್ಲಿ ಗೋಲಿ ಆಡುತ್ತಿದ್ದೆವು.

ಆ ದಿನ ಬೆಳಗ್ಗೆ ಅಪ್ಪ ಅಗ್ಗಿಷ್ಟಿಕೆಗೆ ಇದ್ದಿಲು ಹಾಕಿ, ಕೆಂಡ ಹಿಡಿಯಲಿ ಅಂತ ಬಿಟ್ಟು, ನದಿಗೆ ಸ್ನಾನಕ್ಕೆ ಹೋದರು. ಅಮ್ಮ ಹಿತ್ತಲಲ್ಲಿದ್ದಳು. ನಾನು ಎರಡು ಗುಂಡು ತಂದು, ಚಿನ್ನ ಕರಗಿಸುವ ಮೂಸೆಗೆ ಹಾಕಿ ಕೆಂಡದ ಮೇಲಿಟ್ಟೆ. ಸೀಸ ಬೇಗ ಕರಗಿತು, ಬೆಳದಿಂಗಳ ತೊಟ್ಟಿನಂತೆ ಥಳಥಳ ಎಂದಿತು. ಬೂದಿಯಲ್ಲಿ ಗುಳಿ ಮಾಡಿ ಸುರಿದೆ. ಬಿಲ್ಲೆ ಸಿದ್ಧ! ಮೂಸೆಯನ್ನು ಬಟ್ಟೆಯಿಂದ ಒರೆಸಿ ಇದ್ದ ಜಾಗದಲ್ಲೇ ಇಟ್ಟೆ. (ಸೀಸ ವಿಷ, ಮಕ್ಕಳೇ. ನನ್ನ ಹಾಗೆ ದಡ್ಡತನ ಮಾಡಬೇಡಿ.)

ಅಪ್ಪ ಬರುವಷ್ಟರಲ್ಲಿ ಸಂತೆಬಾಚಹಳ್ಳಿಯಿಂದ ಒಬ್ಬ ಹೆಂಗಸು ಬಂದು ಜಗಲಿಯಲ್ಲಿ ಕೂತಿದ್ದಳು. ಮಾರನೆಯ ದಿನ ಮಗಳ ಮದುವೆ. ತನ್ನ ತಾಯಿಯ ಓಲೆಗಳನ್ನು ಕರಗಿಸಿ ತಾಳಿ ಮಾಡಿಸಬೇಕಿತ್ತು. ಆಗೆಲ್ಲ ಒಂದು ಪದ್ಧತಿ ಇತ್ತು. ಚಿನ್ನ ಕರಗಿಸುವಾಗ ಕೊಟ್ಟವರು ಎದುರಿಗೇ ಕೂರಬೇಕು, ಕಣ್ಣು ತೆಗೆಯಬಾರದು. ಅದನ್ನು ಅನುಮಾನ ಅಂತ ಅಕ್ಕಸಾಲಿಗರೂ ತಿಳಿಯುತ್ತಿರಲಿಲ್ಲ. ಅಪ್ಪನೇ ಅವಳಿಗೆ ಮಣೆ ಹಾಕಿ ಕೂರಿಸಿದರು.

ಓಲೆ ಕರಗಿತು. ಅಪ್ಪ ಅಚ್ಚಿಗೆ ಸುರಿದು, ತಣಿಸಿ, ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಟಕ್. ಚಿನ್ನ ಬಿರುಕು ಬಿಟ್ಟಿತು.

ಅಪ್ಪ ಮತ್ತೆ ಕರಗಿಸಿದರು, ಮತ್ತೆ ತಟ್ಟಿದರು. ಈ ಸಲ ಅಂಚು ಬಿಸ್ಕತ್ತಿನಂತೆ ಉದುರಿತು. ನಾನು ಬಾಗಿಲ ಹಿಂದಿದ್ದೆ. ಅಪ್ಪನ ಕಿವಿ ಕೆಂಪಾಗುವುದು ಕಾಣುತ್ತಿತ್ತು.

“ಇದೇನ್ ಆಚಾರ್ರೇ, ಚಕ್ಲಿ ಮುರ್ದಂಗೆ ಮುರೀತಾ ಅದೆ?”

“ಸೀಸ ಸೋಕ್ದೆ ಚಿನ್ನ ಇಂಗೆ ಒಡ್ಯಾಕಿಲ್ಲ ಕಣವ್ವ. ಓಲೆ ಬೆಸುಗೇಲಿ ಏನಾರಾ ಇತ್ತೋ ಏನೋ.”

“ಓಹೋ! ನಮ್ಮವ್ವುನ್ ಓಲೆಗೇ ಬಂದ್ರಾ? ನಲ್ವತ್ತೊರ್ಷ ಅವ್ಳ ಕಿವೀಲಿದ್ದಾಗ ಏನೂ ಆಗ್ದೇ ಇದ್ದುದ್ದು, ನಿಮ್ ಕೈಗ್ ಬತ್ತಿದ್ದಂಗೆ ಸೀಸ ಆಗ್ಬುಡ್ತಾ? ಕಣ್ಮುಂದೇನೇ ಬದ್ಲಾಯಿಸ್ಬುಟ್ರಲ್ಲಪ್ಪ!”

ಅವಳು ಎದ್ದು ಜಗಲಿಗೆ ಬಂದು, ಬೀದಿಗೆಲ್ಲ ಕೇಳುವಂತೆ ಅಪ್ಪನನ್ನು ಕಳ್ಳ ಅಂದಳು. ನೀರು ಹೊತ್ತು ಹೋಗುತ್ತಿದ್ದವರು ನಿಂತರು. ಅಪ್ಪ ಒಡೆದ ಚೂರುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕತೊಡಗಿದರು.

ನನ್ನ ಲಂಗದ ಮಡಿಲಲ್ಲಿ ಬಿಲ್ಲೆ ಇತ್ತು. ಸೀಸ ಅನ್ನುವ ಮಾತು ಕಿವಿಗೆ ಬಿದ್ದಾಗಲೇ ನನಗೆ ಎಲ್ಲ ಗೊತ್ತಾಗಿ ಹೋಗಿತ್ತು. ಓಡಿಹೋಗಿ ನದಿಗೆ ಎಸೆದು ಬರಲೇ ಅನ್ನಿಸಿತು. ಹಿತ್ತಲ ತನಕ ಹೋದೆ, ವಾಪಸ್ ಬಂದೆ, ಮತ್ತೆ ಹೋದೆ. ಅಕ್ಕ ನನ್ನ ಕೈ ಹಿಡಿದು ಮಡಿಲು ಬಿಚ್ಚಿಸಿದಳು. ನೋಡಿದವಳು ನಗಲಿಲ್ಲ.

“ನೀನ್ ಯೋಳ್ತೀಯೋ, ನಾನ್ ಯೋಳ್ಲೋ?”

ನಾನೇ ಹೋದೆ. ಬಿಲ್ಲೆಯನ್ನು ಅಪ್ಪನ ಮುಂದಿಟ್ಟೆ. “ಗುಂಡು ಕರಗಿಸ್ದೆ ಅಪ್ಪ. ಇದೇ ಮೂಸೇಲಿ” ಅಂದೆ.

ಅಪ್ಪ ಹೊಡೆಯುತ್ತಾರೆ ಅಂತ ಕಣ್ಣು ಮುಚ್ಚಿದ್ದೆ. ಹೊಡೆಯಲಿಲ್ಲ. ಮೂಸೆಯನ್ನು ಎತ್ತಿ ಬೀದಿಗೆ ಎಸೆದು ಪುಡಿ ಮಾಡಿದರು. ಹೊಸದೊಂದು ತೆಗೆದರು. ಒಡೆದ ಚಿನ್ನದ ಒಂದೊಂದು ಚೂರನ್ನೂ ಆ ಹೆಂಗಸಿನ ಕೈಯಿಂದಲೇ ಹಾಕಿಸಿದರು. ಆಮೇಲೆ ಡಬ್ಬಿಯಿಂದ ಬಿಳೀ ಪುಡಿಯೊಂದನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದರು. ಅದು ಪೆಟ್ಲುಪ್ಪು. ಚಿನ್ನದೊಳಗಿನ ಸೀಸವನ್ನು ಸುಟ್ಟು ಹೊರಗೆ ಹಾಕುವ ಉಪ್ಪು. ಹೊಗೆ ಎದ್ದು ಗಂಟಲು ಕೆರೆಯಿತು.

“ಇದೇ ಉಪ್ಪು ಕಣಮ್ಮಿ, ಬಂದೂಕಿನ ಮದ್ದಿಗೆ ಹಾಕೋದು” ಅಂದರು ಅಪ್ಪ, ಕೆಂಡದಿಂದ ಕಣ್ಣು ತೆಗೆಯದೆ. “ಇಂಗ್ಲಿಷ್ನೋರು ಮೊದ್ಲು ಬಂದಿದ್ದು ಯಾಪಾರಕ್ಕೆ. ಮೆಣ್ಸು, ಬಟ್ಟೆ, ಈ ಉಪ್ಪು, ಎಲ್ಲಾನೂ ಹಡಗ್ ತುಂಬ್ಕೊಂಡ್ ಹೋದ್ರು. ಆಮೇಲೆ ಕೊಂಡ್ರೆ ಸಾಲ್ದು, ಬೆಳೆಯೋ ನೆಲಾನೇ ಬೇಕು ಅಂದ್ರು. ಅದುಕ್ಕೇ ಗುಂಡು ಬಂತು.”

“ನಮ್ ಸಂತೇಲೂ ಅಂತೋರವ್ರೆ ಬುಡಿ” ಅಂದಳು ಆ ಹೆಂಗಸು, ಸೆರಗಿನಿಂದ ಮೂಗು ಮುಚ್ಚಿಕೊಂಡು. “ಬೆಲೆ ಕೇಳಾಕ್ ಬಂದು ತಕ್ಕಡೀನೇ ಕಿತ್ಕತಾರೆ.”

ಅಪ್ಪನಿಗೂ ನಗು ಬಂತು. ಕೋಟೆ ಬಿದ್ದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು, ಒಡವೆ ಮಾಡಿಸುವವರೂ ಹಿಂದೆಯೇ ಹೋದರು, ಕೈಕೆಲಸದವರ ಬೀದಿಗಳಲ್ಲಿ ಹುಲ್ಲು ಬೆಳೆಯಿತು ಅಂತ ತಮ್ಮ ತಾತ ಹೇಳಿದ್ದನ್ನು ಹೇಳಿದರು. ಉಳಿದ ಕೆಲವರಲ್ಲಿ ನಾವೂ ಒಬ್ಬರು. ಉಳಿದವರಿಗೆ ಇದ್ದದ್ದು ನಂಬಿಕೆಯ ಹೆಸರೊಂದೇ. ಹೇಳುತ್ತಲೇ ಚಿನ್ನವನ್ನು ಅಡಿಗಲ್ಲಿನ ಮೇಲಿಟ್ಟರು. ನಾನು ಉಸಿರು ಹಿಡಿದೆ. ಮೊದಲ ಏಟು, ಎರಡನೆಯದು, ಹತ್ತನೆಯದು. ಚಿನ್ನ ಎಳೆಯ ವೀಳ್ಯದೆಲೆಯಂತೆ ಹರಡಿಕೊಂಡಿತು.

ಬಿಸಿಲು ಇಳಿಯುವ ಮೊದಲು ತಾಳಿ ಸಿದ್ಧವಾಯಿತು. ಆ ಹೆಂಗಸು ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು. ಹೊರಟವಳು ಜಗಲಿಯಲ್ಲೇ ನಿಂತು, ಬೆಳಗ್ಗೆ ಕೂಗಿದಷ್ಟೇ ಜೋರಾಗಿ ಕೂಗಿದಳು: “ಕೇಳ್ರಪ್ಪೋ, ಆಚಾರ್ರದ್ದೇನೂ ತಪ್ಪಿಲ್ಲ! ನನ್ ನಾಲ್ಗೇದೇ ತಪ್ಪು!”

ಆದರೆ ಬೆಳಗ್ಗೆ ನಿಂತು ಕೇಳಿದವರು ಸಂಜೆ ಬೀದಿಯಲ್ಲಿರಲಿಲ್ಲ. “ಸೀಸದ ಆಚಾರಿ” ಅನ್ನುವ ಅಡ್ಡಹೆಸರು ಅಪ್ಪನಿಗೆ ಅಂಟಿಕೊಂಡೇಬಿಟ್ಟಿತು. ತಮಾಷೆಗೆ ಅನ್ನುತ್ತಿದ್ದರು, ಅಪ್ಪನೂ ನಗುತ್ತಿದ್ದರು. ಆದರೆ ಆಮೇಲೆ ಯಾವ ತಾಳಿ ಮಾಡುವಾಗಲೂ, ಕೊಟ್ಟವರು ಕೇಳದಿದ್ದರೂ, ಅವರ ಕೈಗೇ ಮೂಸೆ ಕೊಟ್ಟು ನೋಡಿ ಅನ್ನುತ್ತಿದ್ದರು. ಅದನ್ನು ಕಂಡಾಗಲೆಲ್ಲ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ನನ್ನ ಮೊಮ್ಮಕ್ಕಳ ಲೋಕ ಬೇರೆ. ಫೋನಿನಲ್ಲಿ ಬೆರಳು ಒತ್ತುತ್ತಾರೆ, ಮಾರನೆಯ ದಿನ ಡಬ್ಬ ಬಾಗಿಲಿಗೆ ಬರುತ್ತದೆ. ಯಾವ ದೇಶದಿಂದ ಬಂತು, ಯಾರ ಕೈ ಮಾಡಿತು, ಯಾರಿಗೂ ಗೊತ್ತಿಲ್ಲ. ಮುರಿದರೆ ವಾಪಸ್. ಯಾರನ್ನೂ ಕಳ್ಳ ಅನ್ನಬೇಕಿಲ್ಲ, ಯಾರ ಮುಂದೆಯೂ ಕೂರಬೇಕಿಲ್ಲ. ಸುಲಭ, ಒಪ್ಪುತ್ತೇನೆ. ಮೊನ್ನೆ ಈ ಕಥೆ ಹೇಳಿದಾಗ ಮೊಮ್ಮಗಳು ಕೇಳಿದಳು: “ಅಜ್ಜಿ, ಕೊಳ್ಳೋಕೆ ಬಂದೋರು ಯುದ್ಧ ಮಾಡೋಕೆ ಮುಂಚೆ ಊರಿನೋರಿಗೆ ಗೊತ್ತಾಗ್ಲಿಲ್ವಾ?” ಅದಕ್ಕೆ ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ನಿಮ್ಮೂರಿಗೆ ಕೊಳ್ಳಲು ಬಂದವರು ಏನು ಒಯ್ದರು, ಏನು ಬಿಟ್ಟು ಹೋದರು? ಇಲ್ಲಿ ಕೆಳಗೆ ಬರೆಯಿರಿ. ನನ್ನ ಮೊಮ್ಮಗಳಿಗೆ ಓದಿ ಹೇಳಬೇಕು, ಅವಳು ಸುಮ್ಮನೆ ಬಿಡುವವಳಲ್ಲ.