ಗ್ಯಾಸ್ ಒಲೆಗೆ ತಂದ ಕೆಂಡ

ಅಂದು ಬೆಳಿಗ್ಗೆಯೂ ಎಂದಿನಂತೆ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿದೆ. ಒಳಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನಾವು ಬೇರೆಯಾಗುವ ದಿನವೆಂದು ಆ ಸದ್ದಿನಿಂದ ಗೊತ್ತಾಗುವಂತಿರಲಿಲ್ಲ.

ಜಗಳವೇನೂ ಆಗಿರಲಿಲ್ಲ. ಭಾವನ ಮಕ್ಕಳು ಬೆಳೆದಿದ್ದರು; ಕೊಟ್ಟೂರಿನ ಆ ಹಳೆಯ ಮನೆಯಲ್ಲಿ ಎಲ್ಲರಿಗೂ ಮಲಗಲು ಜಾಗ ಸಾಲುತ್ತಿರಲಿಲ್ಲ. ಹಿತ್ತಿಲಿನಾಚೆ ನಮಗೆಂದು ಎರಡು ಕೋಣೆ ಕಟ್ಟಿದ್ದರು. ನೀರು ದೊಡ್ಡ ಮನೆಯ ನಲ್ಲಿಯದು, ಕರೆಂಟು ಅಲ್ಲಿಂದಲೇ ಎಳೆದ ವೈರಿನದು. ಒಲೆಯೊಂದೇ ನಮ್ಮದು.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಮ್ಮೆ ಬೋರ್ಡಿನ ಮೇಲೆ ಹೈಡ್ರಾ ಎಂಬ ನೀರಿನ ಪುಟ್ಟ ಜೀವಿಯ ಚಿತ್ರ ಬರೆದಿದ್ದರು. ತಾಯಿಯ ಪಕ್ಕೆಯಲ್ಲಿ ಮೊಗ್ಗಿನಂತೆ ಮೂಡಿ, ತಾಯಿ ಉಂಡದ್ದನ್ನೇ ಉಂಡು, ಬಲಿತ ಮೇಲೆ ಕಳಚಿಕೊಳ್ಳುವ ಮರಿ. ಕಳಚುವಾಗ ತಾಯಿಗೆ ನೋವಾಗುತ್ತದೆಯೇ ಎಂದು ಕೇಳಿದ್ದೆ. ಸಿಸ್ಟರ್ ಬೋರ್ಡು ಒರೆಸಿದ್ದರು.

ಈ ಮನೆಯಲ್ಲಿ, ಬೇರೆಯಾಗುವ ಮಗನ ಒಲೆಗೆ ತಾಯಿಯೇ ತನ್ನ ಒಲೆಯ ಕೆಂಡ ತಂದುಕೊಡಬೇಕು. ಅದರಿಂದ ಹೊತ್ತಿಸಿ ಹಾಲು ಉಕ್ಕಿಸಿದರೆ ಹೊಸ ಮನೆ ನಿಂತಂತೆ. ಯಜಮಾನರು ಗ್ಯಾಸ್ ತಂದಾಗ ಇದು ಯಾರಿಗೂ ಹೊಳೆದಿರಲಿಲ್ಲ.

ಅತ್ತೆ ಹಂಚಿನ ಚೂರಿನಲ್ಲಿ ಕೆಂಡವಿಟ್ಟು, ಗಾಳಿಗೆ ಅಂಗೈ ಮರೆಮಾಡಿಕೊಂಡು ಬಂದರು. ಅಡಿಗೆ ಕಟ್ಟೆಯ ಮುಂದೆ ನಿಂತೇಬಿಟ್ಟರು.

“ಎಲ್ಲಿ ಇಡಬೇಕವಾ ಇದನ್ನ?”

ಹಿಂದೆಯೇ ಬಂದ ನೆಗೆಣ್ಣಿ, ಭಾವನ ಹೆಂಡತಿ, ನಕ್ಕಳು. “ಆ ಸಿಲಿಂಡರಿನ ಬಾಯಾಗ ಹಾಕ್ರಿ ಅತ್ತಿ, ಓಣಿಗೆಲ್ಲಾ ಒಂದೇ ಒಲಿ ಆಗ್ತೈತಿ!”

ಅತ್ತೆ ನಗಲಿಲ್ಲ.

“ತಡೀರಿ ಅತ್ತಿ, ಹೊರಗ ಮೂರು ಕಲ್ಲು ಇಡ್ತೀನಿ,” ಎಂದೆ.

“ಇವತ್ತ ಹೊತ್ತಿಸಿ ನಾಳಿ ಆರಿಸೋ ಒಲಿಗೆ ಏನಂತ ಕೊಡೋದವಾ? ದಿನಾ ಉರಿಯೋ ಒಲಿಗೆ ಕೊಡಬೇಕು.” ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾಯಿತು.

ಕೆಂಡದ ಮೇಲೆ ತೆಳ್ಳಗೆ ಬೂದಿ ಕಟ್ಟುತ್ತಿತ್ತು. ಅವರು ಊದಿಕೊಳ್ಳುತ್ತಾ ಹಿತ್ತಿಲು ದಾಟಿ ಹೋಗಿ, ಅದನ್ನು ಮತ್ತೆ ತಮ್ಮ ಒಲೆಯೊಳಗೇ ಸರಿಸಿದ್ದು ಕಿಟಕಿಯಿಂದ ಕಂಡಿತು. ನಾನು ಕಡ್ಡಿ ಗೀರಿದೆ. ಹಾಲು ಉಕ್ಕಿತು. ಆ ಕೆಂಡವಿಲ್ಲದೆ, ಪಕ್ಕದಲ್ಲಿ ಹಿರಿಯರಿಲ್ಲದೆ ಉಕ್ಕಿದ ಹಾಲಿಗೆ ಮನೆ ನಿಂತಿತೋ ಇಲ್ಲವೋ, ಯಾರನ್ನು ಕೇಳುವುದು? ಯಜಮಾನರು ಮಧ್ಯಾಹ್ನ ಉಂಡು, “ಚಲೋ ಆಗೈತಿ,” ಎಂದಷ್ಟೇ ಹೇಳಿ ಅಂಗಡಿಗೆ ಹೋದರು.

ಸಂಜೆ ಹೊಸಿಲ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಎದುರು ಮನೆಯಾಕೆ ಕೊಡ ಹೊತ್ತು ಹೋಗುತ್ತಾ, ನಿಲ್ಲದೆಯೇ ಕೇಳಿದಳು:

“ಯಾಕ್ರಿ ಅಕ್ಕಾರ, ಇವತ್ತಿಂದ ಬ್ಯಾರೆ ಅಂದಿದ್ರಲ್ಲಾ? ನಿಮ್ಮ ಮನಿ ಮ್ಯಾಲೆ ಹೊಗೀನ ಕಾಣಲಿಲ್ಲ. ಇನ್ನೂ ದೊಡ್ಡ ಮನ್ಯಾಗ ಉಣ್ಣಾಕತ್ತೀರೇನು?”