ಒಳಕೋಣೆಯ ಟಿವಿ

ಟಿವಿ ರಿಪೇರಿಯಲ್ಲಿ ನನ್ನನ್ನು ಮೀರಿಸುವವರು ಲಿಂಗಸುಗೂರಿನಲ್ಲಿ ಯಾರೂ ಇರಲಿಲ್ಲ. ಹೀಗೆ ಹೇಳಿದರೆ ಜಂಬ ಅನ್ನಿಸಬಹುದು, ಅನ್ನಿಸಲಿ. ಸಿಂಧನೂರಿನ ಅಂಗಡಿಯೊಂದರಲ್ಲಿ ಆರು ವರ್ಷ ಬೆರಳು ಸುಟ್ಟುಕೊಂಡು ಕಲಿತ ಕೆಲಸ ಅದು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮದುವೆಗೆ ವಿಡಿಯೋ ತೆಗೆಸುವುದು ಶುರುವಾದಾಗ ನಾನೂ ಒಂದು ಕ್ಯಾಮೆರಾ ತಂದೆ. ಕ್ಯಾಮೆರಾದಿಂದ ಕೇಬಲ್ ಎಳೆದು ಊಟದ ಸಾಲಿನ ಹತ್ತಿರ ಟಿವಿ ಇಟ್ಟರೆ, ಹಂದರದಲ್ಲಿ ನಡೆಯುವುದು ಆ ಕ್ಷಣವೇ ಅದರಲ್ಲಿ ಕಾಣುತ್ತಿತ್ತು. ಜನ ಕೈಯಲ್ಲಿನ ಹೋಳಿಗೆ ಮರೆತು ನೋಡುತ್ತಿದ್ದರು.

ಒಂದು ದಿನ ಸಂತೆಕಲ್ಲೂರಿನಿಂದ ಒಬ್ಬರು ಅಂಗಡಿಗೆ ಬಂದರು. ಅವರ ಅಕ್ಕನ ಮಗಳ ಮದುವೆ. ಹುಡುಗಿಗೆ ತಂದೆ ಇಲ್ಲ, ಸೋದರಮಾವನಾಗಿ ಎಲ್ಲವನ್ನೂ ಇವರೇ ನೋಡಬೇಕು.

"ಊಟದ ಸಾಲಿಗೆ ಟಿವಿ ಬ್ಯಾಡ್ರೀ. ಒಳಕೋಣ್ಯಾಗ ಒಂದು ಇಡ್ರಿ, ಸಾಕು. ನಮ್ಮಕ್ಕ ಹಂದರಕ್ಕ ಬರಂಗಿಲ್ಲ. ಗಂಡ ತೀರಿದಾಕಿ ಅಕ್ಕಿಕಾಳು ಬೀಳೂ ಹೊತ್ತಿನಾಗ ಮುಂದ ಇರಬಾರದಂತ. ಹೆತ್ತಾಕಿ ಮಗಳ ತಾಳಿ ನೋಡದ ಹ್ಯಾಂಗಿರಬೇಕ್ರೀ?"

ನನಗೆ ಸಿಟ್ಟು ಬಂತು. ಆದರೆ ಬೇರೆಯವರ ಮನೆಯ ರಿವಾಜಿಗೆ ನಾನೇನು ಹೇಳಲಿ? ನನ್ನ ಕೈಲಾಗುವುದು ಕೇಬಲ್ ಎಳೆಯುವುದು. "ಎದುರಿಗೆ ಕುಂತಂಗ ಕಾಣ್ತದ, ಚಿಂತಿ ಬಿಡ್ರಿ," ಎಂದು ಮಾತು ಕೊಟ್ಟೆ.

ಮದುವೆಯ ದಿನ ಬೆಳಿಗ್ಗೆಯೇ ಟಿವಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಮಸ್ಕಿಯಿಂದ ಬಾಡಿಗೆಗೆ ತರಿಸಿದ ಜನರೇಟರ್ ಆಗಲೇ ಗುಡುಗುಡು ಎನ್ನುತ್ತಿತ್ತು. ತಲೆಬಾಗಿಲ ಮೇಲಿಂದ ಕೇಬಲ್ ಒಯ್ದಿದ್ದರೆ ಹತ್ತೇ ಮಾರು. ಹುಡುಗಿಯ ದೊಡ್ಡವ್ವ ಅಡ್ಡ ನಿಂತರು. "ತೋರಣ ಕಟ್ಟಿದ ಬಾಗಲಿಗೆ ಕರೀ ವೈರು ಬ್ಯಾಡೋ ತಮ್ಮಾ, ಶುಭಕಾರ್ಯ ಐತಿ." ಅಂಗಡಿಯಲ್ಲಿ ಬಿಳಿ ಕೇಬಲ್ ಸಿಗುವುದಿಲ್ಲವೇ ಎಂದೂ ಕೇಳಿದರು. ವಾದ ಮಾಡಲಿಲ್ಲ. ಮನೆ ಸುತ್ತು ಹಾಕಿ, ಹಿತ್ತಲಲ್ಲಿ ಎತ್ತು ಕಟ್ಟುವ ಜಾಗದ ಮೇಲಿಂದ ಹಾಯಿಸಿ, ಕೋಣೆಯ ಕಿಟಕಿಯೊಳಗೆ ಇಳಿಸಿದೆ. ಹಚ್ಚಿ ನೋಡಿದರೆ ಚಿತ್ರ ಕನ್ನಡಿ ಹಾಗೆ ಬಂತು. ತಾಯಿ ಚಾಪೆಯ ಮೇಲೆ ಸೆರಗು ಹೊದ್ದು ಕೂತಿದ್ದರು. "ಛಲೋ ಆತಪಾ," ಎಂದರು ಅಷ್ಟೇ.

ಮುಹೂರ್ತಕ್ಕೆ ಇನ್ನು ಕಾಲು ಗಂಟೆ ಇತ್ತು. ಆಗ ಸೋದರಮಾವ ಓಡಿ ಬಂದರು. "ಟಿವಿ ಬಂದ್ ಆತ್ರೀ! ಬರೇ ಚುಕ್ಕಿ ಕಾಣಾಕತ್ತಾವ."

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ವರನ ಪಕ್ಕ ಮಣೆಯ ಮೇಲೆ ಕೂತ ಹುಡುಗಿಯ ಮುಖಕ್ಕೆ ನೆಟ್ಟು ಒಳಗೆ ಓಡಿದೆ. ಇಂಥ ಹೊತ್ತಿನಲ್ಲಿ ನಾನು ಗಡಿಬಿಡಿ ಮಾಡುವವನಲ್ಲ. ಚಾನೆಲ್ ತಿರುವಿದೆ, ಚುಕ್ಕಿ. ಪಿನ್ ಕಿತ್ತು ಒರೆಸಿ ಹಾಕಿದೆ, ಚುಕ್ಕಿ. ಕ್ಯಾಮೆರಾ ಸರಿ ಇತ್ತು, ಟಿವಿಯೂ ಸರಿ ಇತ್ತು. ಹಾಗಾದರೆ ತಪ್ಪು ನಡುವೆ ಎಲ್ಲೋ ಇದೆ. ಕೇಬಲನ್ನು ಬೆರಳಲ್ಲೇ ತಡವುತ್ತ ಹಿತ್ತಲಿಗೆ ಹೋದೆ.

ಗೋದಲಿಯ ಹತ್ತಿರ ಕೈಗೆ ಒಂದು ಗಂಟು ಸಿಕ್ಕಿತು. ಎತ್ತು ಕೊಂಬು ಸಿಕ್ಕಿಸಿ ಕೇಬಲ್ ಹರಿದಿದೆ. ಎತ್ತು ನೋಡಿಕೊಳ್ಳುವ ಮುದುಕ ಅದನ್ನು ಕಂಡು, ಎರಡೂ ತುದಿ ಸೇರಿಸಿ, ನೊಗಕ್ಕೆ ಹಗ್ಗ ಬಿಗಿಯುವ ಹಾಗೆ ಗಂಟು ಹಾಕಿ, ಮತ್ತೆ ಗೂಟಕ್ಕೆ ಏರಿಸಿದ್ದಾನೆ.

"ಇದೇನ್ ಮಾಡಿದ್ಯೋ ಯಜ್ಜಾ!" ಎಂದು ಕಿರುಚಿದೆ.

"ಹರದಿತ್ತಪಾ, ಕಟ್ಟೀನಿ. ಎರಡೆತ್ತು ಜಗ್ಗಿದ್ರೂ ಬಿಚ್ಚಂಗಿಲ್ಲ ನೋಡು," ಎಂದ ಅಭಿಮಾನದಿಂದ.

ನಿಜವಾಗಿಯೂ ಬಿಚ್ಚಲಿಲ್ಲ. ಬೈಯಲು ಬಾಯಿ ತೆರೆದವನು ನಕ್ಕುಬಿಟ್ಟೆ. ಗಂಟನ್ನೇ ಕತ್ತರಿಸಿ ಒಗೆದೆ. ಹಲ್ಲಲ್ಲಿ ಸಿಪ್ಪೆ ಸುಲಿದು ಒಳತಂತಿಗೆ ಒಳತಂತಿ, ಅದರ ಸುತ್ತಲಿನ ತಂತಿಬಲೆಗೆ ತಂತಿಬಲೆ ಹೆಣೆದು, ಎರಡೂ ಒಂದಕ್ಕೊಂದು ತಾಗದಂತೆ ಟೇಪು ಸುತ್ತಿದೆ. ಅತ್ತ ಬಾಜಾದವರು ಜೋರು ಹಿಡಿದರು. "ಎರಡು ನಿಮಿಷ ನಿಂದರ್ರಿ ಅಯ್ಯನೋರ," ಎಂದು ಮದುವೆ ಮಾಡಿಸುವ ಅಯ್ಯನವರನ್ನು ಸೋದರಮಾವ ಅಂಗಲಾಚುವುದು ಹಿತ್ತಲಿನವರೆಗೆ ಕೇಳಿಸುತ್ತಿತ್ತು. ಕೇಬಲ್ ಈಗ ಒಂದು ಮೊಳ ಗಿಡ್ಡವಾಗಿತ್ತು. ಒಳಗೆ ಹೋಗಿ ಟಿವಿಯನ್ನು ಕಿಟಕಿಯ ಬುಡಕ್ಕೆ ಎಳೆದು ಪಿನ್ ಚುಚ್ಚಿದೆ.

ಹುಡುಗಿಯ ಮುಖ ಪರದೆ ತುಂಬ ಮೂಡಿತು. ರೆಪ್ಪೆಯ ಕೂದಲನ್ನೂ ಎಣಿಸಬಹುದಿತ್ತು. ನನಗೆ ಹೇಳಲಾರದಷ್ಟು ಸಂತೋಷವಾಯಿತು. ತಾಯಿ ಮೊಣಕಾಲೂರಿ ಟಿವಿಯ ಹತ್ತಿರಕ್ಕೆ ಸರಿದರು. ಹುಡುಗಿ ಬಾಸಿಂಗದ ಕೆಳಗಿನಿಂದ ಒಮ್ಮೆ ಅತ್ತ, ಒಮ್ಮೆ ಇತ್ತ, ಮತ್ತೆ ಮನೆಯ ಬಾಗಿಲ ಕಡೆ ನೋಡುತ್ತಿದ್ದಳು.

"ಯಾರನ್ನ ಹುಡುಕಾಕತ್ತಾಳ ತಮ್ಮಾ ಆಕಿ?"

"ನನ್ನನ್ನ ಇರಬೇಕ್ರೀ ಅಕ್ಕಾರ. ಕ್ಯಾಮೆರಾ ಬಿಟ್ಟು ಬಂದೀನಲ್ಲ," ಎಂದು ಹೊರಗೆ ಓಡಿದೆ. ಬುದ್ಧಿ ಕೇಬಲಿನಲ್ಲಿ ಸಿಕ್ಕಿಕೊಂಡವನ ಮಾತು ಅದು.

ಕ್ಯಾಮೆರಾಕ್ಕೆ ಕಣ್ಣು ಹಚ್ಚಿದೆ. ಅಯ್ಯನವರು ತಾಳಿಯ ತಟ್ಟೆಯನ್ನು ಎಲ್ಲರಿಗೂ ಮುಟ್ಟಿಸಿ ತರುತ್ತಿದ್ದರು. ಚೌಕಟ್ಟಿನ ಅಂಚಿನಲ್ಲಿ ಬೂದುಬಣ್ಣದ ಸೆರಗೊಂದು ಕಾಣಿಸಿತು. ಯಾರೋ ಅಡ್ಡ ಬಂದರೆಂದು ಗದರಲು ತಲೆಯೆತ್ತಿದರೆ, ಆ ತಾಯಿ! ತೋರಣದ ಬಾಗಿಲಿಂದಲೇ, ನೇರವಾಗಿ ಬಂದಿದ್ದರು. ದೊಡ್ಡವ್ವ ತಡೆಯಲು ಕೈ ಚಾಚಿದರು, ಆಮೇಲೆ ಅದೇ ಕೈಯಿಂದ ತಮ್ಮ ಬಾಯಿ ಮುಚ್ಚಿಕೊಂಡರು. ಸೋದರಮಾವ ಸರಿದು ಜಾಗ ಬಿಟ್ಟರು. ತಾಯಿ ಮಗಳ ಹಿಂದೆ ಕೂತು, ಒಂದು ಬದಿಗೆ ಜಾರಿದ್ದ ಬಾಸಿಂಗವನ್ನು ನೆಟ್ಟಗೆ ಮಾಡಿದರು. ಹುಡುಗಿ ಹಿಂತಿರುಗಿ ನೋಡಲಿಲ್ಲ. ಕೈ ಯಾರದೆಂದು ಗೊತ್ತಾಗಿತ್ತು. ಅವಳ ಕಣ್ಣು ಆಮೇಲೆ ಯಾರನ್ನೂ ಹುಡುಕಲಿಲ್ಲ.

ಕೊರಳಿಗೆ ತಾಳಿ ಬಿತ್ತು, ಅಕ್ಕಿಕಾಳು ಬಿದ್ದವು. ನನಗೆ ಕಣ್ಣು ಮಂಜಾಗಿ ಕ್ಯಾಮೆರಾದ ಗುಂಡಿ ಕಾಣದಂತಾಯಿತು, ಆದರೂ ಅದನ್ನು ಅಲ್ಲಾಡಗೊಡಲಿಲ್ಲ.

ಜನ ಊಟಕ್ಕೆ ಎದ್ದ ಮೇಲೆ ಒಳಕೋಣೆಗೆ ಹೋದೆ. ಟಿವಿ ಇನ್ನೂ ನಡೆದೇ ಇತ್ತು. ತಾಯಿ ಮಗಳು ಒಂದೇ ಮಣೆಯ ಮೇಲೆ ಒತ್ತಿ ಕೂತಿದ್ದು ಅದರಲ್ಲಿ ಸ್ವಚ್ಛವಾಗಿ ಕಾಣುತ್ತಿತ್ತು. ಅಷ್ಟು ಛಲೋ ಚಿತ್ರವನ್ನು ಅಲ್ಲಿಯವರೆಗೆ ಯಾವ ಮದುವೆಯಲ್ಲೂ ನಾನು ತಂದಿರಲಿಲ್ಲ. ನೋಡಲು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ.