ಕುಂಬಳದ ಹೂವಿಗೆ ಸಂಬಂಧ ಹಚ್ಚಿದ್ದು

ನಮ್ಮ ಬಳಗದಲ್ಲಿ ಯಾರ ಮನೆಯ ಮಕ್ಕಳು ಮದುವೆಗೆ ಬಂದರೂ ಮೊದಲ ಫೋನು ಬರುವುದು ನನಗೆ. ಬೆಳಗಾವಿಯಿಂದ ಖಾನಾಪುರದವರೆಗೆ ನಾನು ಹಚ್ಚಿದ ಸಂಬಂಧಗಳಲ್ಲಿ ಒಂದೂ ಮುರಿದಿಲ್ಲ ಎಂಬ ಜಂಬ ನನಗಿತ್ತು. ಅದನ್ನು ಇಳಿಸಿದ್ದು ನಮ್ಮ ಟೆರೇಸಿನ ಒಂದು ಕುಂಬಳದ ಬಳ್ಳಿ.

ಒಡೆದ ಡ್ರಮ್ಮಿನಲ್ಲಿ ನೆಟ್ಟ ಬಳ್ಳಿ ಸೊಕ್ಕಿ ಬೆಳೆಯಿತು, ತಾಟಿನಷ್ಟು ಅಗಲದ ಹಳದಿ ಹೂ ಬಿಟ್ಟಿತು. ಕಾಯಿ ಮಾತ್ರ ಇಲ್ಲ. ದೃಷ್ಟಿಯಾಗಿದೆ ಎಂದು ಹಳೆಯ ಚಪ್ಪಲಿ ಕಟ್ಟಿದ್ದಾಯಿತು. ಜೇನುಹುಳು ಬಾರದಿದ್ದರೆ ಪರಾಗವನ್ನು ನಾವೇ ಮುಟ್ಟಿಸಬೇಕು ಎಂದು ಮೊಬೈಲು ಹೇಳಿತು. ನನಗೆ ಹೇಳಿ ಮಾಡಿಸಿದ ಕೆಲಸ! ಮೊಮ್ಮಗಳ ಬಣ್ಣದ ಬ್ರಶ್ ಹಿಡಿದು ದಿನಾ ಬೆಳಗಿನ ಜಾವ ಒಂದು ಹೂವಿನಿಂದ ಇನ್ನೊಂದಕ್ಕೆ ಓಡಾಡಿದೆ. ಆದರೂ ಹೂಗಳು ಉದುರುತ್ತಲೇ ಇದ್ದವು. ಕೊನೆಗೆ ಖಾನಾಪುರದಲ್ಲಿ ಜೇನು ಸಾಕುವ ತಮ್ಮ ಬಸುವಿಗೆ ಫೋನು ಮಾಡಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಕ್ಕಾ, ಹೂವಿನ ಬುಡಕ್ಕ ಗೋಲಿಯಷ್ಟು ಕಾಯಿ ಇದ್ದರ ಅದು ಹೆಣ್ಣು. ನೀ ಇಷ್ಟು ದಿನಾ ಬರೇ ವರಗೋಳನ್ನ ಕುಂದರಿಸಿ ಮಾತುಕತಿ ನಡಸೀದಿ.”

ಖಾನಾಪುರದ ನಮ್ಮ ತವರಿನಲ್ಲಿ ದನದ ಕೊಟ್ಟಿಗೆಯ ಮೇಲೆಲ್ಲ ಕುಂಬಳಕಾಯಿ. ಅವ್ವ ಬ್ರಶ್ ಹಿಡಿದದ್ದನ್ನು ನಾನಂತೂ ಕಂಡಿಲ್ಲ. ಹಿತ್ತಲ ಗೋಡೆಯ ಪೊಟರೆಯಲ್ಲಿ ತುಡುವೆ ಜೇನು ಇದ್ದವು. ಕತ್ತಲ ಸಂದು ಸಿಕ್ಕರೆ ಸಂಸಾರ ಹೂಡುವ, ನಮ್ಮ ನಾಡಿನದೇ ಆದ ಸಣ್ಣ ಹುಳು ಅದು. ಕಾಯಿ ಹಿಡಿದರೆ ನಾವು ಅವ್ವನ ಕೈಗುಣ ಎಂದೆವು, ಗೊಬ್ಬರ ಎಂದೆವು. ಜೇನಿನ ಹೆಸರನ್ನು ಯಾರೂ ಎತ್ತಲಿಲ್ಲ. ಮದುವೆ ಊಟ ಉಂಡವರು ಸಂಬಂಧ ಹಚ್ಚಿದವರನ್ನು ಮರೆಯುವುದು ನನಗೇನೂ ಹೊಸದಲ್ಲ, ಆದರೂ ಪಾಪ ಅನ್ನಿಸಿತು.

ಬಸು ಹೇಳಿದ ಮೇಲೆ ಹೆಣ್ಣು ಹೂ ಹುಡುಕಿ ಬ್ರಶ್ ಮುಟ್ಟಿಸತೊಡಗಿದೆ. ಒಂದು ದಿನ ಮೊಣಕಾಲು ನೋವೆಂದು ನಾನು ಟೆರೇಸು ಹತ್ತಲಿಲ್ಲ. ಆದರೆ ಆ ದಿನದ ಹೆಣ್ಣು ಹೂವೇ ಕಾಯಿ ಕಚ್ಚಿತು. ಯಾರಪ್ಪಾ ಈ ಉಪಕಾರಿ ಎಂದು ಕಾದು ನೋಡಿದರೆ, ಗೋಡೆಯಾಚೆ ಪಕ್ಕದ ಮನೆಯ ರಜಿಯಾಬಿಯ ಅಂಗಳದ ಹಳೆಯ ಖಾಲಿ ಮೀಟರ್ ಪೆಟ್ಟಿಗೆಯಿಂದ ತುಡುವೆಗಳು ಬರುತ್ತಿದ್ದವು. ಈ ಸಿಮೆಂಟಿನ ಊರಿನಲ್ಲಿ ಅವಕ್ಕೆ ಸಿಕ್ಕ ಪೊಟರೆ ಅದೊಂದೇ ಇರಬೇಕು.

ನನ್ನ ಸಂತೋಷ ವಾರ ತುಂಬುವಷ್ಟರಲ್ಲಿ ರಜಿಯಾಬಿಯ ಮೊಮ್ಮಗಳು ಸನಾಳ ರೆಪ್ಪೆಗೆ ಹುಳು ಕಡಿಯಿತು. ಮಗುವಿನ ಕಣ್ಣು ಬಾತು ಮುಚ್ಚಿಹೋಯಿತು. ರಜಿಯಾಬಿ ಔಷಧ ಹೊಡೆಯುವವನನ್ನು ಮರುದಿನವೇ ಬರಹೇಳಿದ್ದರು. ಬಸುವನ್ನು ಕೇಳಿದರೆ ಭಾನುವಾರಕ್ಕಿಂತ ಮೊದಲು ಬರಲಾರೆ ಎಂದ. ನಾನು ಆಚೆ ಮನೆಗೆ ಓಡಿದೆ.

“ಕಡಿಯೂದು ನಮ್ಮ ಮನ್ಯಾಗ, ಕಾಯಿ ನಿಮ್ಮ ಮನ್ಯಾಗ. ಇದ್ಯಾವ ಸಂಬಂಧರೀ ಅಕ್ಕಾರ?” ಎಂದರು ರಜಿಯಾಬಿ.

ಸಂಬಂಧ ಹಚ್ಚುವವರ ಹತ್ತಿರ ಎರಡು ವಿದ್ಯೆ ಇರುತ್ತವೆ. ಒಂದು ಅವಗುಣ ಮುಚ್ಚುವುದು, ಇನ್ನೊಂದು ನಾಲ್ಕು ದಿನದ ವಾಯಿದೆ ಕೇಳುವುದು. ಸನಾಳ ಕಣ್ಣು ನೋಡಿದ ಮೇಲೆ ಮೊದಲನೆಯದಕ್ಕೆ ಬಾಯಿ ಬರಲಿಲ್ಲ. ಹೌದು, ಕಡಿಯುತ್ತವೆ ಎಂದು ಒಪ್ಪಿಕೊಂಡೆ. ಭಾನುವಾರ ಅವುಗಳನ್ನು ನಮ್ಮ ಟೆರೇಸಿಗೆ ಕರೆದುಕೊಳ್ಳುತ್ತೇವೆ, ಅಲ್ಲಿಯವರೆಗೆ ಕೊಲ್ಲಬೇಡಿ ಎಂದು ಬೇಡಿಕೊಂಡೆ. ಅವರು ಸನಾಳ ಬಾತ ಕಣ್ಣನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಫೋನು ಎತ್ತಿ ಔಷಧದವನಿಗೆ, ಸೋಮವಾರ ಬಾ, ಒಂದು ಹುಳು ಕಂಡರೂ ಹೊಡಿ ಎಂದರು.

ಭಾನುವಾರ ಸಂಜೆ ಬಸು ಬಂದ. ಗೂಡಿನ ಮೇಣದ ಎರಿಗಳನ್ನು ಕೊಯ್ದು ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟಿದ, ರಾಣಿಯನ್ನು ತಾನು ತಂದ ಜೇನುಪೆಟ್ಟಿಗೆಗೆ ಸೇರಿಸಿದ. ಕತ್ತಲಾದ ಮೇಲೆ ಇಡೀ ಸಂಸಾರವನ್ನು ನಮ್ಮ ಟೆರೇಸಿಗೆ ತಂದು ಇಟ್ಟ. ಜಾಗ ಹತ್ತಿರ, ಕೆಲವು ಹಳೆಯ ಮನೆಗೇ ಹೋಗಬಹುದು ಎಂದು ಹೊರಡುವಾಗ ಹೇಳಿದ. ಬೆಳಗಾದರೆ ಔಷಧದವನು ಬರುವ ಸೋಮವಾರ.

ಅವನು ಹೇಳಿದಂತೆಯೇ ಆಯಿತು. ಸೋಮವಾರ ಬಿಸಿಲು ಬೀಳುತ್ತಲೇ ಹುಳುಗಳು ರಜಿಯಾಬಿಯ ಅಂಗಳಕ್ಕೆ ಹೋಗಿ, ಬರಿದಾದ ಮೀಟರ್ ಪೆಟ್ಟಿಗೆಯ ಸುತ್ತ ಸುತ್ತತೊಡಗಿದವು. ಗೇಟಿನಲ್ಲಿ ಔಷಧದವನು ಡಬ್ಬಿ ಹಿಡಿದು ನಿಂತಿದ್ದ. ಬಾಗಿಲಲ್ಲಿ ರಜಿಯಾಬಿ, ಅವರ ಸೆರಗು ಹಿಡಿದು ಸನಾ. ಗೋಡೆಯ ಈಚೆ ನಾನು. ರಜಿಯಾಬಿ ಆ ಹುಳುಗಳನ್ನೇ ನೋಡುತ್ತ ನಿಂತರು. ಆಮೇಲೆ ಔಷಧದವನ ಕಡೆ ತಿರುಗಿದರು.

“ನಿನ್ನೆ ರಾತ್ರಿ ಗಂಡನ ಮನಿಗೆ ಹೋಗ್ಯಾವು. ನಾಕು ದಿನಾ ತವರಮನಿ ಕಡೆ ಬರೂದ ಅದ. ನೀ ಹೋಗಪ್ಪಾ.”

ಕೆಲವು ಹುಳು ದಾರಿ ತಪ್ಪಿ ಮರಳಲೇ ಇಲ್ಲ, ಅದು ಇನ್ನೂ ಮನಸ್ಸಿಗೆ ಕಸಿವಿಸಿ. ಉಳಿದವು ಹೊಸ ಮನೆಗೆ ಹೊಂದಿಕೊಂಡವು. ಬ್ರಶ್ಶು ಮೊಮ್ಮಗಳಿಗೆ ಮರಳಿತು. ಮೊದಲ ಕುಂಬಳಕಾಯಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ರಜಿಯಾಬಿಗೆ ಕೊಟ್ಟು ಬಂದೆ.

ಇಷ್ಟು ವರ್ಷ ಗೋಡೆಯ ಆಚೆ ಈಚೆ ಇದ್ದು, ಊಟ ಆಯಿತೇ ಎಂಬುದಕ್ಕಿಂತ ಹೆಚ್ಚು ಮಾತಾಡಿದವರಲ್ಲ ನಾವು. ಈಗ ಇಬ್ಬರೂ ಬೀಗತಿಯರು. ಇದೂ ನೀನೇ ಹಚ್ಚಿದ ಸಂಬಂಧ ಎಂದು ಬಳಗದವರು ಹೊಗಳುತ್ತಾರೆ. ನಾನು ಟೆರೇಸಿನ ಜೇನುಪೆಟ್ಟಿಗೆಯ ಕಡೆ ಕೈ ತೋರಿಸುತ್ತೇನೆ.